ಚನಿಯಪ್ಪಣ್ಣನ ಬೆಳಿಗ್ಗೆ ಎಷ್ಟು ಗಂಟೆಗೆ

ಅನಘಾ ಯಾರ ಮನೆಗೆ ಹೋದರೂ ಮೊದಲು ನೋಡುವುದು ಸ್ವಿಚ್‌ಬೋರ್ಡನ್ನು. ಒಂದೇ ಥರದ ಆರು ಸ್ವಿಚ್ಚುಗಳು ಸಾಲಾಗಿದ್ದರೆ, ಅವುಗಳಲ್ಲಿ ಒಂದರ ಮೇಲೆ ಮನೆಯ ಹೆಂಗಸು ಹಣೆಯ ಬಿಂದಿಯೊಂದನ್ನು ಅಂಟಿಸಿರುತ್ತಾಳೆ, ಅದು ಫ್ಯಾನಿನದು. ಕೆದಂಬಾಡಿಯ ತಮ್ಮ ಮನೆಯಲ್ಲಿ ಅಮ್ಮ ಮನೋರಮಾ ಅಂಟಿಸಿದ್ದ ಅಂಥದೊಂದು ಕೆಂಪು ಚುಕ್ಕೆ ಅವಳ ಮೊದಲ ಪಾಠ. ನೆನಪಿಸಿಕೊಳ್ಳುವುದಕ್ಕಿಂತ ಗುರುತು ಹಿಡಿಯುವುದು ಮನಸ್ಸಿಗೆ ಸುಲಭ ಎಂದು ಕಾಲೇಜಿನ ಮನಶ್ಶಾಸ್ತ್ರದ ತರಗತಿಯಲ್ಲಿ ಕೇಳಿದಾಗ, ಇದು ಅಮ್ಮನಿಗೆ ಯಾವತ್ತೋ ಗೊತ್ತಿತ್ತಲ್ಲ ಅನಿಸಿತ್ತು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಪುತ್ತೂರಿನ ಒಂದು ಸಣ್ಣ ಆಫೀಸಿನಲ್ಲಿ ಕೂತು, ಮೊಬೈಲ್ ಆ್ಯಪ್‌ಗಳ ಪರದೆ ಹೇಗಿರಬೇಕೆಂದು ನಿರ್ಧರಿಸುತ್ತಾಳೆ: ಬಟನ್ ಎಲ್ಲಿ, ಚಿತ್ರ ಯಾವುದು, ಮೊದಲು ಕೇಳುವ ಪ್ರಶ್ನೆ ಯಾವುದು. "ಬಟನ್ ಬಿಡಿಸುದಕ್ಕೆಲ್ಲ ಸಂಬಳ ಕೊಡ್ತಾರಾ?" ಎಂದು ನೆಂಟರು ಕೇಳಿದರೆ, "ಕೊಡ್ತಾರೆ. ತಪ್ಪು ಬಿಡಿಸಿದರೆ ಬೈಗುಳವೂ ಉಂಟು" ಎನ್ನುತ್ತಾಳೆ.

ಕಳೆದ ಡಿಸೆಂಬರಿನಲ್ಲಿ ಅವಳ ಕೈಯಲ್ಲಿದ್ದದ್ದು ಮಾತ್ರೆಯ ಹೊತ್ತನ್ನು ನೆನಪಿಸುವ ಆ್ಯಪ್. ಎಷ್ಟು ಗಂಟೆಗೆ ಏಳುತ್ತೀರಿ ಎಂದು ಒಮ್ಮೆ ಕೇಳುತ್ತದೆ. ಎದ್ದು ಅರ್ಧ ಗಂಟೆಗೆ ಬೆಲ್ಲು. ಪರದೆಯ ಮೇಲೆ ಹುಟ್ಟುವ ಸೂರ್ಯ. ಮಾತ್ರೆ ತೆಗೆದುಕೊಂಡು ಸೂರ್ಯನನ್ನು ಒತ್ತಿದರೆ ಆಯಿತು. ಹನ್ನೆರಡು ಜನರಿಗೆ ಒಂದು ತಿಂಗಳು ಬಳಸಲು ಕೊಟ್ಟಿದ್ದರು. ಪುತ್ತೂರು ಪೇಟೆಯ ಹನ್ನೊಂದು ಮಂದಿ ಅಲ್ಲಲ್ಲಿ ಒಂದೆರಡು ದಿನ ಮರೆತಿದ್ದರು. ಒಂದು ದಿನವೂ ತಪ್ಪಿಸದವರು ಒಬ್ಬರೇ, ಕಡಬದ ಹತ್ತಿರದ ಚನಿಯಪ್ಪ. ಮೂವತ್ತಕ್ಕೆ ಮೂವತ್ತು. ಅಂಥ ಶಿಸ್ತಿನ ಮನುಷ್ಯನನ್ನು ಕಣ್ಣಾರೆ ನೋಡಬೇಕೆಂದು ಅನಘಾ ಒಂದು ಗುರುವಾರ ಕಡಬದ ಬಸ್ಸು ಹತ್ತಿದಳು. ಅಲ್ಲಿಂದ ಜೀಪು.

ಚನಿಯಪ್ಪನಿಗೆ ಐವತ್ತೆಂಟು. ತಾನೇ ನೆಟ್ಟು ಬೆಳೆಸಿದ ಮುನ್ನೂರು ರಬ್ಬರ್ ಮರಗಳಿಗೆ ತಾನೇ ಕತ್ತಿ ಹಾಕಿ ಹಾಲು ತೆಗೆಯುವವನು. ತೊಗಟೆಯ ಮೇಲೆ ಅವನು ಹಾಕುವ ಗೆರೆ ಎಷ್ಟು ಸಪೂರ ಎಂದರೆ ಮರಕ್ಕೆ ನೋವಾಗದು ಎಂದು ಊರಿನವರ ಮಾತು. ಆದರೆ ಅವತ್ತು ಅವನು ಕತ್ತಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಪ್ರೈಜ್ ಕೊಡ್ಲಿಕ್ಕೆ ಬಂದದ್ದಾ ಮೇಡಂ? ಸ್ವಲ್ಪ ತಡ ಆಯ್ತು," ಎಂದ. "ಬರುವ ಭಾನುವಾರದಿಂದ ಆಚೆಮನೆಯ ಮೇದಪ್ಪ ಬಂದು ಟ್ಯಾಪಿಂಗ್ ಮಾಡುದು. ನಾನು ಜಗಲಿಯಲ್ಲಿ ಕೂತು ಲೆಕ್ಚರ್ ಕೊಡುದು."

"ಯಾಕೆ ಚನಿಯಪ್ಪಣ್ಣ?"

ಉತ್ತರ ಕೊಟ್ಟದ್ದು ಅವನ ಹೆಂಡತಿ ಸೇವಂತಿ. "ಈ ತಿಂಗಳು ಎರಡು ಸಲ ಮರದ ಬುಡದಲ್ಲಿ ಕುಸಿದಿದ್ದಾರೆ. ಮೈಯೆಲ್ಲ ಬೆವರು, ಕೈ ನಡುಕ. ಕೇಳಿದರೆ ಪ್ರಾಯ ಆಯ್ತು ಅಂತಾರೆ. ಡಾಕ್ಟರ ಹತ್ತಿರ ಹೋಗಲಿಕ್ಕೂ ಕೇಳುದಿಲ್ಲ."

"ನಡುಗುವ ಕೈಯಲ್ಲಿ ಗೆರೆ ಹಾಕಿದರೆ ಮರ ಹಾಳು," ಎಂದ ಚನಿಯಪ್ಪ. ಈಗ ತಮಾಷೆ ಇರಲಿಲ್ಲ.

ಅನಘಾ ಪಟ್ಟಿ ಮಾಡಿ ತಂದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಳು. ಕೇಳಿದರೆ ಜನ ನಿಯಮ ಹೇಳುತ್ತಾರೆ, ಮಾಡಿ ತೋರಿಸಿದರೆ ಬದುಕು ಕಾಣುತ್ತದೆ ಎಂಬುದು ಅವಳ ಅನುಭವ. "ಇವತ್ತು ಎದ್ದ ಮೇಲೆ ಎಂತ ಮಾಡಿದ್ದು, ಹಾಗೇ ಮಾಡಿ ತೋರಿಸಿ," ಎಂದಳು.

ಅವನು ಉತ್ಸಾಹದಿಂದಲೇ ತೋರಿಸಿದ. ನಾಲ್ಕಕ್ಕೆ ಎದ್ದು ಮುಖ ತೊಳೆದದ್ದು. ಹಾಲೂ ಸಕ್ಕರೆಯೂ ಇಲ್ಲದ ಚಾ ಕುಡಿದದ್ದು. ನಾಲ್ಕೂವರೆಗೆ ಬೆಲ್ಲು, ಶುಗರಿನ ಮಾತ್ರೆ, ಸೂರ್ಯನ ಮೇಲೆ ಬೆರಳು. ಹಣೆಗೆ ಹೆಡ್‌ಲೈಟ್ ಕಟ್ಟಿಕೊಂಡು ಗುಡ್ಡೆ ಹತ್ತಿದ್ದು.

"ತಿಂಡಿ?"

"ಅದು ಎಂಟೂವರೆಗೆ. ಇವಳು ಬುತ್ತಿ ತರ್ತಾಳೆ."

"ಡಾಕ್ಟರು ಎಂತ ಹೇಳಿದ್ರು?"

"ಬೆಳಿಗ್ಗೆ ತಿಂಡಿಗೆ ಮೊದಲು ಅಂತ. ಮೊದಲೇ ತೆಗೊಳ್ಳುದಲ್ವಾ? ನಾಲ್ಕು ಗಂಟೆ ಮೊದಲು!"

ಅನಘಾಳಿಗೆ ನಗಲಾಗಲಿಲ್ಲ. ಆ್ಯಪ್ ಬರುವ ಮೊದಲು ಯಾವಾಗ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದಳು. ಮೊದಲೆಲ್ಲ ನೆನಪಾದಾಗ, ಹೆಚ್ಚಾಗಿ ಬುತ್ತಿ ಬಿಚ್ಚುವಾಗ ಎಂದಳು ಸೇವಂತಿ. ಆಗ ಕುಸಿದದ್ದಿಲ್ಲ. ಪೇಟೆಯ ಹನ್ನೊಂದು ಮಂದಿಗೆ ಏಳುವುದು, ತಿನ್ನುವುದು, ಸೂರ್ಯ ಎಲ್ಲ ಒಂದೇ ಗಂಟೆಯೊಳಗೆ. ಇವನಿಗೆ ಅವುಗಳ ನಡುವೆ ಮುನ್ನೂರು ಮರ. ಅಷ್ಟು ದೂರಕ್ಕೆ ಖಾಲಿ ಹೊಟ್ಟೆಯಲ್ಲಿ ದಿನಾ ಕಳಿಸಿದ್ದು ತನ್ನದೇ ಬೆಲ್ಲು ಎಂದು ಅನಘಾಳಿಗೆ ಹೊಳೆಯಿತು.

"ಪ್ರಾಯದ್ದಲ್ಲ ಚನಿಯಪ್ಪಣ್ಣ. ತಪ್ಪು ನನ್ನದಿರಬೇಕು. ಈಗಲೇ ಡಾಕ್ಟರ ಹತ್ತಿರ ಹೋಗುವ."

ಕಡಬದ ಡಾಕ್ಟರು ಎಲ್ಲ ಕೇಳಿ, ರಕ್ತ ನೋಡಿ, ತಲೆಯಾಡಿಸಿದರು. ಮಾತ್ರೆ ನುಂಗಿ ಏನೂ ತಿನ್ನದೆ ದುಡಿದರೆ ಶುಗರ್ ಕುಸಿಯುತ್ತದೆ, ಇನ್ನು ಬುತ್ತಿ ಬಿಚ್ಚಿದ ಮೇಲೆಯೇ ಮಾತ್ರೆ, ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ ಎಂದರು. "ಕತ್ತಿ ಕೆಳಗಿಡುದು ಬೇಡ," ಎಂದೂ ಸೇರಿಸಿದರು.

ಕ್ಲಿನಿಕ್ಕಿನ ಮೆಟ್ಟಿಲಲ್ಲೇ ನಿಂತು ಅನಘಾ ಆಫೀಸಿನ ಹಿರಿಯರಾದ ಮುರಳಿಕೃಷ್ಣರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಸೋಮವಾರ ಆ್ಯಪ್ ಹೊರಬರಬೇಕಿತ್ತು.

"ಹನ್ನೊಂದು ಜನಕ್ಕೆ ಸರಿಯಾಗಿದೆಯಲ್ಲ ಮಾರಾಯ್ತಿ! ಒಬ್ಬರಿಗಾಗಿ ನಿಲ್ಲಿಸುದಾ?"

"ನಾವು ಹೇಳಿದ ಹಾಗೆ ದಿನಾ ಕೇಳಿದ್ದು ಅವರೊಬ್ಬರೇ ಸರ್. ಬಿದ್ದದ್ದೂ ಅವರೇ. ಈ ಕಡೆ ಟ್ಯಾಪಿಂಗಿಗೆ ಹೋಗುವವರು ಎಷ್ಟು ಜನ ಉಂಟು ಗೊತ್ತುಂಟಾ? ಸೋಮವಾರ ಬಿಡುದು ಬೇಡ. ಮುಂದಿನ ಗುರುವಾರ ಕೊಡ್ತೇನೆ."

"ಗುರುವಾರ ಅಂದರೆ ಗುರುವಾರ," ಎಂದರು ಮುರಳಿಕೃಷ್ಣ.

ಪರದೆಯಿಂದ ಸೂರ್ಯ ಹೋದ. ಆ ಜಾಗಕ್ಕೆ ಒಂದು ತಟ್ಟೆ ಬಂತು. ಎಷ್ಟು ಗಂಟೆಗೆ ಏಳುತ್ತೀರಿ ಎಂಬ ಪ್ರಶ್ನೆಯ ಬದಲು, ದಿನದ ಮೊದಲ ತಿಂಡಿ ಯಾವಾಗ ಎಂಬ ಪ್ರಶ್ನೆ. ಬೆಲ್ಲು ಹೊಡೆದಾಗ "ತಿಂಡಿ ಎದುರಿಗಿದೆಯಾ?" ಎಂದು ಕೇಳುತ್ತದೆ, ಇಲ್ಲ ಎಂದರೆ ಸುಮ್ಮನಾಗಿ ಮತ್ತೆ ಬರುತ್ತದೆ. ಬದಲಾವಣೆ ನೋಡಲು ಇಷ್ಟೇ. ಅದಕ್ಕಾಗಿ ಅನಘಾ ಪುತ್ತೂರಿನಲ್ಲಿ, ಆಲಂಕಾರಿನಲ್ಲಿ, ಸುಳ್ಯದಲ್ಲಿ ಹದಿನಾಲ್ಕು ಅಡುಗೆಮನೆಗಳಲ್ಲಿ ಕೂತಳು.

ಗುರುವಾರ ಅವಳು ಮತ್ತೆ ಗುಡ್ಡೆ ಹತ್ತುವಾಗ ಎಂಟೂಕಾಲು. ಮರಮರಕ್ಕೂ ಕಟ್ಟಿದ ತೆಂಗಿನ ಗೆರಟೆಗಳಲ್ಲಿ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಕೊನೆಯ ಮರದ ಹತ್ತಿರ ಚನಿಯಪ್ಪ ಕತ್ತಿ ಎಳೆಯುತ್ತಿದ್ದ, ನೂಲಿನಂಥ ಗೆರೆ. ಫೋನು ಬಡಿದುಕೊಂಡಿತು. ಅವನು ಪರದೆ ನೋಡಿ, "ತಟ್ಟೆ ಬಂತು, ದೋಸೆ ಬರಲಿಲ್ಲ. ಇವಳಿಗೂ ಒಂದು ಬೆಲ್ಲು ಕಟ್ಟಬೇಕು!" ಎಂದು ಕೂಗಿದ.

"ನಿಮ್ಮ ಬೆಲ್ಲು ಕೇಳಿ ಓಡ್ಲಿಕ್ಕೆ ನಾನೆಂತ ಶಾಲೆಯ ಮಗುವಾ?" ಎನ್ನುತ್ತ ಸೇವಂತಿ ಬುತ್ತಿ ಇಳಿಸಿದಳು. ಮುಚ್ಚಳದ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿದ್ದಳು. ಒಳಮೈಗೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಮಾತ್ರೆಯ ಹಾಳೆ.

"ಫೋನಿನ ಚಾರ್ಜು ಹೋದರೆ ಎಂತ ಮಾಡುದು?" ಎಂದಳು ಅನಘಾಳತ್ತ ತಿರುಗಿ. "ಅದಕ್ಕೆ ಇದು."

ಚನಿಯಪ್ಪ ಕೈ ತೊಳೆದು ದೋಸೆ ಮುರಿದ, ಮಾತ್ರೆ ನುಂಗಿದ, ತಟ್ಟೆಯ ಚಿತ್ರ ಒತ್ತಿದ. ಅನಘಾ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ನಡುಕವಿರಲಿಲ್ಲ.

"ನೋಡುದೆಂತ ಮೇಡಂ, ಒಂದು ದೋಸೆ ತೆಗೊಳ್ಳಿ," ಎಂದ ಅವನು. "ಮೇದಪ್ಪನಿಗೆ ಶನಿವಾರವೇ ಫೋನ್ ಮಾಡಿ ಆಯ್ತು. ಬರುದು ಬೇಡ ಅಂತ."