ಹದಕ್ಕೊಂದು ಗೆರೆ

ಮಹಾಲಿಂಗಪುರದ ಹೊರಗೆ, ಕಬ್ಬಿನ ಹೊಲಗಳ ನಡುವೆ ಬೆಲ್ಲದ ಗಾಣವೊಂದಿದೆ. ಅಲ್ಲಿ ನಮ್ಮಪ್ಪ ಹದ ನೋಡುತ್ತಾನೆ. ಗಾಣ ಅವನದಲ್ಲ, ಹದ ಅವನದು. ಕಬ್ಬು ಅರೆಯುವವರು, ಉರಿ ಹಾಕುವವರು, ನೊರೆ ತೆಗೆಯುವವರು ತಮ್ಮ ತಮ್ಮ ಕೆಲಸ ಮಾಡುತ್ತಾರೆ. ಆದರೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಗೆ ಬೆಲ್ಲವಾಯಿತೆಂದು ಹೇಳುವವನು ಒಬ್ಬನೇ.

ಹದದ ಹೊತ್ತಿಗೆ ಗಾಣದಲ್ಲಿ ಯಾರೂ ಮಾತಾಡುವುದಿಲ್ಲ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಬೀಡಿ ಸೇದುವವರು ಕೂಡ ಆರಿಸಿ ನಿಲ್ಲುತ್ತಾರೆ. ಅಪ್ಪ ತಣ್ಣೀರಿನ ಬೋಗುಣಿಗೆ ಒಂದು ತೊಟ್ಟು ಪಾಕ ಬಿಟ್ಟು, ಅದನ್ನು ಬೆರಳ ತುದಿಯಲ್ಲಿ ಉರುಳಿಸುತ್ತಾನೆ. ಇನ್ನೊಂದು ತೊಟ್ಟು. ಮತ್ತೊಂದು. ಕೊನೆಗೆ ಬಾಯಿ ಬಿಟ್ಟು ಏನೂ ಹೇಳದೆ ಹೆಗಲ ಮೇಲಿನ ಟಾವೆಲ್ ಕೈಗೆ ತೆಗೆದುಕೊಳ್ಳುತ್ತಾನೆ. ಅದನ್ನು ನೋಡಿದ್ದೇ ನಾಲ್ಕು ಜನ ಮುಂದೆ ಬಂದು ಕೊಪ್ಪರಿಗೆ ಇಳಿಸುತ್ತಾರೆ. ಸ್ವಲ್ಪ ಬೇಗ ಇಳಿಸಿದರೆ ಬೆಲ್ಲ ಗಟ್ಟಿ ಉಂಡೆಯಾಗಿ, ಪೆಂಟಿಯಾಗಿ ನಿಲ್ಲುವುದಿಲ್ಲ, ಬೆವರುತ್ತ ಕೂರುತ್ತದೆ. ತಡವಾದರೆ ಸೀದು ಕಪ್ಪಾಗುತ್ತದೆ. ನಾನು ಚಿಕ್ಕವಳಿದ್ದಾಗ ಆ ಹಬೆಯೊಳಗೆ ಅಪ್ಪ ಅರ್ಧ ಕಾಣುತ್ತ ಅರ್ಧ ಕಾಣದೆ ನಿಂತಿರುತ್ತಿದ್ದ. ಟಾವೆಲ್ ತೆಗೆಯುವ ಆ ಕೈ ಮಾತ್ರ ಪೂರ್ತಿ ಕಾಣುತ್ತಿತ್ತು. ಆ ಕೈಗೆ ತಪ್ಪು ಗೊತ್ತೇ ಇಲ್ಲ ಅಂತ ನಂಬಿ ನಾನು ದೊಡ್ಡವಳಾದೆ.

ಈಗ ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ರವಿವಾರ ಊರು. ಜೊತೆಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಅದು ಯಾವುದರ ಮೇಲೆ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಅಣುವಿನ ಒಳಗಿನ ಬಲದ ಮ್ಯಾಲರಿ" ಅಂದು ಕಿಟಕಿ ಕಡೆ ತಿರುಗುತ್ತೇನೆ. ಇಲ್ಲಿ ಕಿಟಕಿ ಇಲ್ಲ, ಹೇಳಲೇಬೇಕು.

ಪ್ರೋಟಾನಿನ ಒಳಗೆ ಕ್ವಾರ್ಕ್ ಎಂಬ ಕಣಗಳಿವೆ. ಅವನ್ನು ಹಿಡಿದಿಟ್ಟ ಬಲದ ಗುಣ ವಿಚಿತ್ರ. ಗೂಟಕ್ಕೆ ಕಟ್ಟಿದ ಆಕಳನ್ನು ನೆನಸಿಕೊಳ್ಳಿ. ಗೂಟದ ಹತ್ತಿರ ಇದ್ದಷ್ಟು ಹೊತ್ತು ಹಗ್ಗ ಸಡಿಲ, ಆಕಳು ತನ್ನ ಪಾಡಿಗೆ ಮೇಯುತ್ತದೆ. ದೂರ ಹೋಗುತ್ತಲೇ ಹಗ್ಗ ಬಿಗಿಯುತ್ತದೆ. ಕ್ವಾರ್ಕುಗಳೂ ಹೀಗೆ. ಹತ್ತಿರದಲ್ಲಿ ಹೆಚ್ಚುಕಡಿಮೆ ಸ್ವತಂತ್ರ, ದೂರ ಹೋಗಲು ಮಾತ್ರ ಬಿಡುಗಡೆಯಿಲ್ಲ. ಆದರೆ ವಿಪರೀತ ಕಾಯಿಸಿದರೆ ಆ ಹಗ್ಗವೇ ಕರಗಿಹೋಗುತ್ತದೆ, ಗೂಟ ಯಾವುದು ಆಕಳು ಯಾವುದು ಎಂಬುದೇ ಉಳಿಯದ ಒಂದು ಪಾಕವಾಗುತ್ತದೆ. ನನ್ನ ಪ್ರಶ್ನೆ ಇಷ್ಟೇ: ಹಗ್ಗ ಕರಗುವುದಕ್ಕೆ ಒಂದು ಗಳಿಗೆ ಇದೆಯೇ? ಇಂಥ ಉಷ್ಣತೆಯ ಈಚೆ ಕಟ್ಟು, ಆಚೆ ಬಿಡುಗಡೆ ಅಂತ ಗೆರೆ ಎಳೆಯಬಹುದೇ?

ನನಗೆ ಗೆರೆ ಬೇಕಾಗಿತ್ತು. ಹದ ನೋಡುವವನ ಮಗಳು ನಾನು, ಗಳಿಗೆ ಇಲ್ಲದ ಬದಲಾವಣೆಯನ್ನು ಎಲ್ಲಿಂದ ನಂಬಲಿ?

ಈ ಲೆಕ್ಕದಲ್ಲಿ ನನಗೆ ಅಪ್ಪನಿಗಿಂತ ಮೊದಲು ದಾರಿ ತೋರಿಸಿದವಳು ಅವ್ವ. ಅವಳ ತವರು ರಬಕವಿ, ನೇಕಾರರ ಮನೆ. ಸೀರೆ ಅಂಗಡಿಗೆ ಹೋದರೆ ಅವಳು ಮೊದಲು ಸೀರೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಎಳೆ ನೋಡುತ್ತಾಳೆ. ಆಮೇಲೆ ತೋಳು ಚಾಚಿ ನೋಡುತ್ತಾಳೆ. ಆಮೇಲೆ ಅಂಗಡಿಯವನ ಕೈಗೆ ಕೊಟ್ಟು, ತಾನು ಬಾಗಿಲವರೆಗೆ ಹಿಂದೆ ಸರಿದು ನೋಡುತ್ತಾಳೆ. ಹತ್ತಿರದಿಂದ ಬರೀ ಕೆಂಪು ಎಳೆ, ಕಪ್ಪು ಎಳೆ. ಸ್ವಲ್ಪ ದೂರಕ್ಕೆ ನಾಲ್ಕು ಎಳೆ ಸೇರಿ ಚುಕ್ಕೆಯಂಥ ಒಂದು ಚಿಕ್ಕಿ. ಬಾಗಿಲಿಂದ ಚಿಕ್ಕಿಗಳೆಲ್ಲ ಸೇರಿ ಬೇರೆಯದೇ ಒಂದು ಬಣ್ಣ. ನಾವೂ ಮಾಡುವುದು ಅದನ್ನೇ. ಹತ್ತಿರದ ಅಳತೆಗಳನ್ನು ಗುಂಪು ಗುಂಪಾಗಿ ಸೇರಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಬಲ ಈಗ ಎಷ್ಟು ಕಾಣುತ್ತದೆಂದು ಮತ್ತೆ ಅಳೆಯುತ್ತೇವೆ. ಬಲದ ಅಳತೆ ಒಂದೇ ಅಲ್ಲ, ನಿಂತ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ದೂರದ ಲೆಕ್ಕದಿಂದ ಇನ್ನೊಂದು ದೂರದ ಲೆಕ್ಕಕ್ಕೆ ನಡೆದು ಹೋಗುವ ಈ ದಾರಿಗೆ ಪುನರ್‌ಸಾಮಾನ್ಯೀಕರಣ ಎಂದು ಬಾಯಿ ತುಂಬುವ ಹೆಸರಿಟ್ಟಿದ್ದಾರೆ. ದೂರದ ಬೆಟ್ಟ ನುಣ್ಣಗೆ ಅಂತ ಮೂರೇ ಮಾತಿನಲ್ಲಿ ಮುಗಿಸಬಹುದಿತ್ತು, ಪರೀಕ್ಷಕರು ಒಪ್ಪುವುದಿಲ್ಲ.

ಹೋದ ಚಳಿಗಾಲ ಎರಡು ಸಂತೋಷಗಳು ಒಟ್ಟಿಗೆ ಬಂದವು.

ಒಂದು, ನನ್ನ ಕಂಪ್ಯೂಟರಿನ ಲೆಕ್ಕದಲ್ಲಿ ಗೆರೆ ಸಿಕ್ಕಿತು. ನಾವು ಒಂದು ಪುಟ್ಟ ಪೆಟ್ಟಿಗೆಯಷ್ಟು ಜಾಗವನ್ನು ಚೌಕಗಳ ಬಲೆಯಾಗಿ ಹೆಣೆದು, ಆ ಪೆಟ್ಟಿಗೆಯನ್ನು ಲೆಕ್ಕದಲ್ಲೇ ಕಾಯಿಸುತ್ತೇವೆ. ಒಂದು ಉಷ್ಣತೆಯಲ್ಲಿ ಎಲ್ಲ ಅಲ್ಲೋಲಕಲ್ಲೋಲವಾಗಿ ನಕ್ಷೆಯಲ್ಲಿ ಚೂಪಾದ ಶಿಖರ ಎದ್ದು ನಿಂತಿತು. ನಾನು ಅದರ ನೆತ್ತಿಯಿಂದ ಕೆಳಗೆ ಕೆಂಪು ಗೆರೆ ಎಳೆದು, ಇಗೋ ಹದ ಎಂದು ಅಧ್ಯಾಯ ಬರೆದೆ. ನನ್ನ ಪ್ರಬಂಧದ ಗೈಡ್ ಸರ್ ಅದನ್ನು ಓದಿ ಫೋನಿನಲ್ಲಿ ಹೇಳಿದರು: "ಪೆಟ್ಟಿಗಿ ಸಣ್ಣದೈತಿ. ದೊಡ್ಡದ ಮಾಡಿ ನೋಡ್ರಿ. ಪೆಟ್ಟಿಗಿ ಜೋಡಿ ಶಿಖರಾನೂ ಬೆಳೀತಂದ್ರ ಖರೆ. ಬೆಳೀಲಿಲ್ಲಂದ್ರ ಅದು ಬರೇ ದಿಬ್ಬ." ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ದೊಡ್ಡ ಪೆಟ್ಟಿಗೆಯ ಲೆಕ್ಕ ಹಚ್ಚಿಟ್ಟೆ. ಅದು ಮುಗಿಯಲು ವಾರಗಟ್ಟಲೆ ಬೇಕಿತ್ತು.

ಎರಡನೆಯ ಸಂತೋಷ ಅಪ್ಪ ಕೊಟ್ಟದ್ದು. ಸಂಕ್ರಮಣ ಕಳೆದ ಮೇಲಿನ ಒಂದು ರವಿವಾರ ಹದದ ಹೊತ್ತಿಗೆ, ಅಷ್ಟು ಜನ ಉಸಿರು ಬಿಗಿಹಿಡಿದು ನಿಂತಾಗ, ಅವನು ನನ್ನ ಕಡೆ ಕೈಮಾಡಿ ಕರೆದ.

"ಬಾ ಯವ್ವಾ. ಒಂದೀಟ ಬಟ್ಟ ಹಚ್ಚಿ ನೋಡು."

ಹೆಣ್ಣುಮಗಳು ಹದದ ಬೋಗುಣಿಗೆ ಕೈ ಹಾಕಿದ್ದನ್ನು ಆ ಗಾಣ ಅದುವರೆಗೆ ಕಂಡಿರಲಿಲ್ಲ. ತಣ್ಣೀರಿನಲ್ಲಿ ಬಟ್ಟ, ಅಂದರೆ ಬೆರಳು, ಇಟ್ಟೆ. ಪಾಕದ ತೊಟ್ಟು ಎಳೆಯಾಗಿ ಜಾರಿತು.

"ಹೆಂಗೈತಿ?" ಪಿಸುಮಾತಿನಲ್ಲಿ ಕೇಳಿದ.

"ಜಿಗಟ ಐತಿ. ಉಂಡಿ ನಿಂದ್ರವಲ್ದು."

ಅವನು ಕಾದ. ಮತ್ತೆ ಕೇಳಿದ. ಮೂರನೆಯ ಸಲ ತೊಟ್ಟು ನನ್ನ ಬೆರಳಲ್ಲಿ ದುಂಡಗಾಗಿ ಕೂತಿತು. "ಉಂಡಿ ಆಗೇತಿ ಯಪ್ಪಾ" ಅಂದೆ. ಅವನು ತಾನು ಬೋಗುಣಿ ಮುಟ್ಟಲೇ ಇಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಟಾವೆಲ್ ತೆಗೆದ.

ಅಂದಿನಿಂದ ಪ್ರತಿ ರವಿವಾರ ಹೀಗೇ ನಡೆಯಿತು. ಅವನು ಕೇಳುವುದು, ನಾನು ಹೇಳುವುದು, ಟಾವೆಲ್. ಪರೀಕ್ಷೆ ಮಾಡುತ್ತಿದ್ದಾನೆ, ವಿದ್ಯೆ ನನಗೆ ಒಪ್ಪಿಸುತ್ತಿದ್ದಾನೆ ಎಂದು ನಾನು ಉಬ್ಬಿಹೋದೆ. ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಬೆರಳು ಮೂಸಿ ನೋಡಿಕೊಂಡು ನಗುತ್ತಿದ್ದೆ. ಹೊರಗೆ ಕಬ್ಬು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಹತ್ತಿರದ ಗರಿಗಳು ಒಂದೊಂದಾಗಿ ಓಡುತ್ತಿದ್ದವು, ದೂರದವು ಸೇರಿ ಒಂದೇ ಹಸಿರಾಗಿ ನಿಧಾನಕ್ಕೆ ತಿರುಗುತ್ತಿದ್ದವು. ನಿದ್ದೆ ಬರುತ್ತಿತ್ತು. ಆ ಅರೆನಿದ್ದೆಯಲ್ಲಿ ನನ್ನ ಶಿಖರ ಮತ್ತು ಅಪ್ಪನ ಕೊಪ್ಪರಿಗೆ ಒಂದೇ ಹಬೆಯೊಳಗೆ ಇರುತ್ತಿದ್ದವು.

ಶಿವರಾತ್ರಿ ಮುಂದಿರುವಾಗ ಒಂದು ರವಿವಾರ ನಾನು ಊರಿಗೆ ಹೋಗಲಿಲ್ಲ. ದೊಡ್ಡ ಪೆಟ್ಟಿಗೆಯ ಲೆಕ್ಕ ಅಂದು ಮುಗಿಯುವುದಿತ್ತು. ಮಧ್ಯಾಹ್ನ ಊಟ ಬಿಟ್ಟು ನಕ್ಷೆ ತೆಗೆದು ನೋಡಿದೆ. ಶಿಖರ ಬೆಳೆದಿರಲಿಲ್ಲ. ಪೆಟ್ಟಿಗೆ ಎಂಟು ಪಟ್ಟು ಹಿಗ್ಗಿದ್ದರೂ ಅದು ಮೊದಲಿನಷ್ಟೇ ಎತ್ತರಕ್ಕೆ, ದುಂಡು ತಲೆ ಹೊತ್ತು ನಿಂತಿತ್ತು. ದಿಬ್ಬ. ಅಂದರೆ ಕಟ್ಟು ಇದ್ದದ್ದು ಬಿಡುಗಡೆಯಾಗುವುದು ನಿಜ, ಆದರೆ ಯಾವುದೇ ಒಂದು ಗಳಿಗೆಯಲ್ಲಿ ಅಲ್ಲ. ಸರಿಯುತ್ತ ಸರಿಯುತ್ತ ಆಗಿಬಿಡುವುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಾಣದ ಮಗಳಾಗಿ ನನಗೆ ಮೊದಲೇ ತಿಳಿಯಬೇಕಿತ್ತು, ಗಡಿಗೆಯಲ್ಲಿ ಕುದಿಸಿದ್ದನ್ನು ನೋಡಿ ಕೊಪ್ಪರಿಗೆಯ ಮಾತು ಆಡಬಾರದು. ಕುರ್ಚಿಯಲ್ಲಿ ಕೂತು ಅತ್ತೆ.

ಸಂಜೆ ಅವ್ವ ಫೋನ್ ಮಾಡಿದಳು. "ಇವತ್ತ ಹದ ತಪ್ಪೇತಂತ. ಬೆಲ್ಲ ನಿಂದ್ರಲಿಲ್ಲ, ಎಲ್ಲಾ ಕಾಕಂಬಿ ಆಗಿ ಹರದು ಹೋತು. ನಿಮ್ಮಪ್ಪ ಮಾತಾಡವಲ್ಲ."

ನಲವತ್ತು ಚಳಿಗಾಲ ತಪ್ಪದ ಕೈ! ರವಿವಾರಗಳ ಮಧ್ಯದ ದಿನಗಳಲ್ಲಿಯೂ ಒಂದೆರಡು ಸಲ ಬೆಲ್ಲ ಮೆತ್ತಗಾಗಿತ್ತು ಎಂದು ಆಗ ಅವ್ವ ಹೇಳಿದಳು. ಕಬ್ಬು ಹಸಿ ಇತ್ತು ಅಂತ ಅಪ್ಪ ಹೇಳಿದ್ದನಂತೆ, ಎಲ್ಲರೂ ನಂಬಿದ್ದರಂತೆ. ಮರುದಿನ ರಜೆ ಹಾಕಿ ಮೊದಲ ಬಸ್ಸಿಗೆ ಹೊರಟೆ.

ಮನೆ ಮುಟ್ಟಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಒಲೆಯ ಪಕ್ಕ ಕೂತಿದ್ದ. ನನ್ನನ್ನು ನೋಡಿ ಏನೂ ಆಗದವನ ಹಾಗೆ "ಸಾಲಿ ಇಲ್ಲೇನ ಇವತ್ತ?" ಅಂದ. ನನ್ನ ಕಾಲೇಜಿಗೆ ಅವನು ಇವತ್ತಿಗೂ ಸಾಲಿ ಅಂತಲೇ ಅನ್ನುತ್ತಾನೆ. ಮಾತಾಡುತ್ತಲೇ ಹಂಚಿನ ಮೇಲಿನ ರೊಟ್ಟಿಗೆ ಕೈ ಚಾಚಿದ. ರೊಟ್ಟಿ ಸುಟ್ಟಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಅವನ ಎರಡು ಬೆರಳು ಕಾದ ಹಂಚಿನ ಅಂಚಿಗೆ ತಾಗಿ ಅಲ್ಲೇ ಉಳಿದವು. ಅವನು ಬಸ್ಸಿನ ಗದ್ದಲದ ಬಗ್ಗೆ ಕೇಳುತ್ತಿದ್ದ.

"ಬಟ್ಟ! ಬಟ್ಟ ಸುಡಾಕತ್ತಾವು!" ಅವ್ವ ಚೀರಿದಳು.

ಅಪ್ಪ ಕೈ ಎತ್ತಿ ಅದನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ನನಗೆ ಎಲ್ಲ ತಿಳಿಯಿತು. ಅವನು ನನಗೆ ವಿದ್ಯೆ ಕಲಿಸುತ್ತಿರಲಿಲ್ಲ. ನನ್ನ ಬೆರಳನ್ನು ಎರವಲು ಪಡೆಯುತ್ತಿದ್ದ.

ನಾನು ಅವನ ಕೈಯನ್ನು ನೀರಿನಲ್ಲಿ ಅದ್ದಿ ಹಿಡಿದುಕೊಂಡು ಕೂತೆ. ನನ್ನ ಮೊದಲ ಪ್ರಶ್ನೆ, ನಾಚಿಕೆಯಾಗುತ್ತದೆ ಹೇಳಲು, ಲೆಕ್ಕದವಳ ಪ್ರಶ್ನೆಯೇ ಆಗಿತ್ತು.

"ಯಾವತ್ತಿನಿಂದ ಯಪ್ಪಾ?"

"ಯಾವತ್ತ ಅಂತ ಏನ ಹೇಳ್ಲಿ? ದೀಪಾವಳಿಗೆ ಇತ್ತು. ಸಂಕ್ರಮಣಕ್ಕ ಇರಲಿಲ್ಲ." ನೀರಿನಲ್ಲೇ ಬೆರಳು ಮಡಿಚಿ ಬಿಚ್ಚಿದ. "ದಿನಾ ನೋಡಕೋತ ಇದ್ದೆ. ನಿನ್ನಿ ಹಂಗ ಇವತ್ತೂ ಐತಿ ಅಂತನ ಅನಸ್ತಿತ್ತು. ನಡುವ ಎಲ್ಲೋ ಹೋಗೇತಿ."

ಅದಕ್ಕಿಂತ ಒಳ್ಳೆಯ ವಾಕ್ಯ ನನ್ನ ಪ್ರಬಂಧದಲ್ಲಿ ಇಲ್ಲ. ಆದರೆ ಆಗ ನನಗೆ ಅದು ಒಳ್ಳೆಯದಾಗಿ ಕೇಳಲಿಲ್ಲ, ಅವ್ವನೂ ನಾನೂ ಅವನನ್ನು ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಸಕ್ಕರೆ ಕಾಯಿಲೆ, ನರ ಸೋತಿವೆ, ಹೋದ ಸ್ಪರ್ಶ ಪೂರ್ತಿ ಮರಳುವುದು ಕಷ್ಟ ಅಂದರು. ತಿರುಗಿ ಬರುವ ದಾರಿಯಲ್ಲಿ ಅಪ್ಪ ಅಂದ: "ಬೆಲ್ಲಾ ಮಾಡಾವನ ಮ್ಯಾಲ ಸಕ್ರಿಗೆ ಹೊಟ್ಟಿಕಿಚ್ಚು ನೋಡು." ಅವ್ವ ನಗಲಿಲ್ಲ. ನಾನೂ ನಗಲಿಲ್ಲ. ಅವನೊಬ್ಬನೇ ನಕ್ಕ.

ಆ ವಾರ ಕೆಂಪು ಗೆರೆ ಅಳಿಸಿದೆ. ಈ ಕಣಗಳ ತೂಕ ಇಷ್ಟಿರುವಾಗ ಇಲ್ಲಿ ಗಡಿ ಇಲ್ಲ, ಜಾರಿಕೆ ಮಾತ್ರ ಇದೆ ಎಂದು ಅಧ್ಯಾಯವನ್ನು ತಿರುಗಿ ಬರೆದೆ. ಗೈಡ್ ಸರ್ ಖುಷಿಯಾದರು, "ಈಗ ಆತ ನೋಡ್ರಿ ಛಲೋ ಕೆಲಸ" ಅಂದರು. ನನಗೆ ಖುಷಿಯಾಗಲಿಲ್ಲ. ಅಪ್ಪ ರವಿವಾರ ಬರುತ್ತೇನೆಂದು ಗಾಣದವರಿಗೆ ಹೇಳಿಕಳಿಸಿದ್ದ. ಹದ ಬಿಟ್ಟರೆ ಅವನಿಗೆ ಬೇರೆ ಹೆಸರಿಲ್ಲ ಆ ಊರಲ್ಲಿ.

ರವಿವಾರ ಬೆಳಗ್ಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಅವನು ಕೊಪ್ಪರಿಗೆಯ ಪಕ್ಕ ನಿಂತ. ಹೆಗಲ ಮೇಲೆ ಟಾವೆಲ್. ನೊರೆ ಹೊಂಬಣ್ಣಕ್ಕೆ ತಿರುಗಿತು. ಗಾಣ ನಿಶ್ಶಬ್ದವಾಯಿತು. ಆಗ ಅಪ್ಪ ತಾನೇ ನಲವತ್ತು ವರ್ಷ ನಡೆಸಿಕೊಂಡು ಬಂದ ಕಟ್ಟಳೆ ಮುರಿದು, ಎಲ್ಲರಿಗೂ ಕೇಳುವಂತೆ ಮಾತಾಡಿದ.

"ನನ್ನ ಬಟ್ಟಿಗೆ ಏನೂ ತಿಳೀವಲ್ದು. ಸಂಕ್ರಮಣದಿಂದ ತಿಳೀವಲ್ದು. ಇಷ್ಟ ದಿನಾ ಮುಚ್ಚಿಟ್ಟೇನಿ."

ನಾನು ನೆಲ ನೋಡುತ್ತ ನಿಂತೆ. ಉರಿ ಹಾಕುವವನು ಒಲೆಯ ಬಾಯಿಂದ ತಲೆ ಎತ್ತದೆ ಹೇಳಿದ: "ಗೊತ್ತೈತಿ ಬಿಡ್ರಿ ಕಾಕಾ. ನೀವು ತಡಾ ಮಾಡಿದಾಗೆಲ್ಲ ನಾನೂ ಉರಿ ಸಣ್ಣ ಮಾಡಕೋತನ ಬಂದೇನಿ. ಈಗ ಆಕಿನ್ನ ಕೇಳ್ರಿ, ಪಾಕ ಏರಾಕತ್ತೇತಿ."

ಅಪ್ಪನ ಮುಖ ಹಬೆಯೊಳಗೆ ಸರಿಯಾಗಿ ಕಾಣಲಿಲ್ಲ. ಬೋಗುಣಿಯನ್ನು ನನ್ನ ಕಡೆ ದೂಡಿದ.

ಮೊದಲ ತೊಟ್ಟು ಎಳೆಯಾಗಿ ಜಾರಿತು. ಎರಡನೆಯದು ಜಿಗುಟು. ಮೂರನೆಯದು ದುಂಡಗಾಗುವ ಹಾಗೆ ಇತ್ತು, ಆಗಲಿಲ್ಲ. ನಾಲ್ಕನೆಯದು ಆದ ಹಾಗೆ ಇತ್ತು. ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲಿ ಆಯಿತೆಂದು ನನಗೆ ತಿಳಿಯಲಿಲ್ಲ, ಮತ್ತು ಈ ಸಲ ನಾನು ಹುಡುಕಲಿಲ್ಲ. ಗೆರೆ ಇರಲಿ ಬಿಡಲಿ, ಕೊಪ್ಪರಿಗೆ ಇಳಿಸಲೇಬೇಕು. ತಲೆ ಎತ್ತಿದೆ. ಅಪ್ಪ ಟಾವೆಲಿನ ತುದಿಗೆ ಆ ಬಟ್ಟೆ ಸುತ್ತಿದ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

"ಈಗ ಯಪ್ಪಾ" ಅಂದೆ.

ಅವನು ಟಾವೆಲ್ ತೆಗೆದ. ನಾಲ್ಕು ಜನ ಮುಂದೆ ಬಂದರು.