ಲಾಮ್ ಹೋಟೆಲಿನ ಪಾಂಗ್ ದೊಡ್ಡಪ್ಪ

ಲಿವರ್‌ಪೂಲಿನ ಚೀನೀ ಬೀದಿಯಲ್ಲಿ ಪಾಂಗ್ ದೊಡ್ಡಪ್ಪನ ಹತ್ತಿರ ದಾರಿ ಕೇಳಿದವರು ಐವತ್ತು ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾರೆ. ಹೋಟೆಲಿನ ಕಿಟಕಿಯಲ್ಲಿ ಹುರಿದ ಬಾತುಕೋಳಿಗಳನ್ನು ತೂಗುಹಾಕುತ್ತಲೇ ಅವರು ಕೈ ತೋರಿಸುತ್ತಾರೆ: "ಮೋಕ್ ಲಾಂಡ್ರಿ ದಾಟಿ, ಹಡಗಿನವರ ಛತ್ರದ ಹತ್ರ ಎಡಕ್ಕೆ ಹೊರಳಿ, ಅಷ್ಟೇ." ಲಾಂಡ್ರಿ ಹೋಗಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಬಂದಿದೆ, ಛತ್ರವಿದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಸೀಗಡಿ ತಂದ ಗಾಡಿಯವನೊಬ್ಬ ಆ ಲಾಂಡ್ರಿ ಹುಡುಕುತ್ತಾ ನದಿದಂಡೆ ಸೇರಿ, ಐಸೆಲ್ಲ ಕರಗಿದ ಮೇಲೆ ವಾಪಸ್ಸು ಬಂದ. "ಇಷ್ಟು ದೊಡ್ಡ ಲಾಂಡ್ರಿ ಕಾಣಲ್ಲ ಅಂದ್ರೆ ಇವನಿಗೊಂದು ಕನ್ನಡಕ ಕೊಡಿಸ್ರಪ್ಪಾ" ಎಂದು ದೊಡ್ಡಪ್ಪ ಅವನನ್ನೇ ಬೈದರು. ಎದುರಿಗೆ ಬಬಲ್ ಟೀ ಅಂಗಡಿ ತೆರೆದಿರುವ ವಿಂಗ್-ಸೀ ಆರು ತಿಂಗಳಿಂದ ಗೋಳಾಡುತ್ತಿದ್ದಾಳೆ: "ದೊಡ್ಡಪ್ಪಾ, ನನ್ನ ಅಂಗಡೀನ ಇನ್ನೂ ಚಾನ್ ಪಂಡಿತರ ಅಂಗಡಿ ಅಂತೀರಲ್ಲ, ಮುದುಕಿಯರೆಲ್ಲ ಕೆಮ್ಮಿಗೆ ಮದ್ದು ಕೇಳ್ಕೊಂಡು ಬರ್ತಾರೆ!" "ಬಂದವರಿಗೆ ಬಿಸಿ ಟೀ ಕೊಡಮ್ಮಾ, ಚಾನ್ ಕೊಡ್ತಿದ್ದಿದ್ದೂ ಅದನ್ನೇ." ಮೊನ್ನೆ ಅವಳು ಬಿಡಲಿಲ್ಲ, ಅವರ ಹೋಟೆಲಿನ ಬೋರ್ಡನ್ನೇ ತೋರಿಸಿದಳು. ಮೂವತ್ತೊಂದು ವರ್ಷದಿಂದ ಹೋಟೆಲು ಪಾಂಗರದ್ದೇ. ಬೋರ್ಡಿನ ಮೇಲೆ ಮಾತ್ರ ತೀರಿಕೊಂಡ ಹಳೇ ಯಜಮಾನರ ಹೆಸರು, ಲಾಮ್, ವರ್ಷವರ್ಷವೂ ಹೊಸ ಕೆಂಪು ಬಣ್ಣ ಹಚ್ಚಿಸಿಕೊಂಡು ಹೊಳೆಯುತ್ತಿದೆ. "ನಿಮ್ಮ ಹೆಸರು ಯಾವಾಗ ಬರೆಸ್ತೀರಿ?" ದೊಡ್ಡಪ್ಪ ಕೊನೆಯ ಬಾತುಕೋಳಿಯನ್ನು ಕೊಕ್ಕೆಗೆ ಸಿಕ್ಕಿಸಿ, ಅದರ ಕೊರಳು ನೆಟ್ಟಗೆ ಮಾಡಿ, ಕೈ ಒರೆಸಿಕೊಂಡರು. "ನಮ್ಮ ಬೀದೀಲಿ ಅಂಗಡಿಗೆ ಹೆಸರು ಅಂಟೋದು ಯಜಮಾನ ಹೋದ ಮೇಲೇನೇ ಕಣಮ್ಮಾ. ನಂಗೇನೂ ಅವಸರ ಇಲ್ಲ. ಆಮೇಲೆ ಕರೆಯೋಕೆ ನೀನಿದ್ದೀಯಲ್ಲ."