ದೊಡ್ಡಮ್ಮ ಬರೆದ ಭೇಟಿಗಳು

ನಮ್ಮ ದೊಡ್ಡಮ್ಮನನ್ನು ಊರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿತ್ತು. ಮೂವತ್ತೊಂದು ವರ್ಷ ಅವಳು ಆರೋಗ್ಯ ಕೇಂದ್ರದ ದಾದಿ. ಅವಳನ್ನು ಕಂಡರೆ ಮಕ್ಕಳು ಎದ್ದುಬಿದ್ದು ಓಡುತ್ತಿದ್ದವು. ಅವುಗಳ ಅಪ್ಪ ಅಮ್ಮಂದಿರೂ ಒಂದು ಕಾಲಕ್ಕೆ ಹಾಗೇ ಓಡಿದವರು. ಕೇಂದ್ರವೆಂದರೆ ಎರಡು ಕೋಣೆ, ಮಕ್ಕಳನ್ನು ತೂಗುವ ಒಂದು ತಕ್ಕಡಿ, ಲಸಿಕೆಯ ತಣ್ಣನೆಯ ಪೆಟ್ಟಿಗೆ, ಒಂದು ಕಾಲು ಗಿಡ್ಡವಾದ ಬೆಂಚು. ಆ ಕೇಂದ್ರದ ಮೇಲೆ ಅವಳಿಗಿದ್ದ ಮೋಹ, ಅವಳೇ ಸಾಕಿ ಬೆಳೆಸಿದ ನನ್ನ ಮೇಲೂ ಇರಲಿಲ್ಲ.

ಅವಳು ನಿವೃತ್ತಳಾದ ವರ್ಷ ಒಬ್ಬ ಇತಿಹಾಸಕಾರ ಬಂದ. ಬಡ ದೇಶಗಳಲ್ಲಿ ಮಕ್ಕಳ ಸಾವು ಹೇಗೆ ಇಳಿಯಿತು ಎಂದು ದೊಡ್ಡ ಪುಸ್ತಕ ಬರೆಯುತ್ತಿದ್ದನಂತೆ. ಹನ್ನೊಂದು ತಿಂಗಳು ನಮ್ಮ ಅಡುಗೆಮನೆಯಲ್ಲೇ ಅವನ ಠಿಕಾಣಿ. ದೊಡ್ಡಮ್ಮನ ಹಳೆಯ ರಿಜಿಸ್ಟರುಗಳನ್ನು ಪುಟ ಬಿಡದೆ ಓದಿದ, ಅವಳ ಕೈಯಡುಗೆ ಉಂಡ, ಅಮ್ಮಾ ಅಮ್ಮಾ ಎಂದು ಬಾಯಿ ತುಂಬ ಕರೆದ. ನನಗಂತೂ ಹೊಟ್ಟೆಕಿಚ್ಚಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಅವಳ ಪಾಲಿಗೆ ಎರಡು ಬೀದಿಗಳಿದ್ದವು, ಕೆಳಬೀದಿ ಮತ್ತು ಗುಡ್ಡದ ಬೀದಿ. ಎರಡಕ್ಕೂ ವಾರಕ್ಕೆರಡು ಭೇಟಿ ಎಂದು ಇಲಾಖೆಯ ಅಪ್ಪಣೆ. ಕೆಳಬೀದಿಗೆ ಅವಳು ತಪ್ಪದೆ ಹೋಗುತ್ತಿದ್ದಳು. ಗುಡ್ಡದ ಬೀದಿಗೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಒಬ್ಬಳೇ ದಾದಿ, ಎಷ್ಟೆಂದು ಹತ್ತಿಯಾಳು? ಆದರೆ ರಿಜಿಸ್ಟರಿನ ಖಾನೆ ಖಾಲಿ ಬಿಟ್ಟರೆ, ಇಲ್ಲಿ ಕೆಲಸವೇ ಇಲ್ಲ ಎಂದು ಮೇಲಿನವರು ಕೇಂದ್ರಕ್ಕೇ ಬೀಗ ಜಡಿಯುತ್ತಿದ್ದರು. ಹಾಗಾಗಿ ಪ್ರತಿ ಶನಿವಾರ ಕೂತು ಎರಡೂ ಬೀದಿಗೆ ಸಮನಾಗಿ ಗುರುತು ಹಾಕುತ್ತಿದ್ದಳು. ಎಲ್ಲ ದಾದಿಯರೂ ಮಾಡುತ್ತಿದ್ದುದು ಅದನ್ನೇ.

ಇದನ್ನು ಅವಳು ಇತಿಹಾಸಕಾರನಿಂದ ಮುಚ್ಚಿಡಲಿಲ್ಲ. “ಹುಟ್ಟು, ಸಾವು ಎಲ್ಲಾ ಸರಿಯಾಗೇ ಬರ್ದಿದ್ದೀನಪ್ಪ. ಗುಡ್ಡದ ಬೀದಿ ಭೇಟಿ ಮಾತ್ರ ಸುಳ್ಳು. ಅದನ್ನ ನಂಬ್ಬೇಡ,” ಎಂದಳು, ನನ್ನ ಎದುರಿಗೇ.

“ಇದು ನಮ್ಮಲ್ಲೇ ಇರ್ಲಿ ಬಿಡಿ ಅಮ್ಮ. ನಿಮ್ಮ ಮರ್ಯಾದೆ ನನ್ನ ಜವಾಬ್ದಾರಿ,” ಎಂದ ಅವನು. ದೊಡ್ಡಮ್ಮನ ಕಣ್ಣು ತುಂಬಿ ಬಂತು.

ಎರಡು ವರ್ಷಕ್ಕೆ ಪುಸ್ತಕ ಬಂತು. ಮೊದಲ ಪುಟದಲ್ಲೇ ಅವಳಿಗೆ ಕೃತಜ್ಞತೆ. ಅದನ್ನು ಮನೆಮನೆಗೂ ಒಯ್ದು ತೋರಿಸಿದಳು. ಆರನೇ ಅಧ್ಯಾಯ ಓದಿದವಳು ನಾನು. ಅದರ ವಾದ ಇಷ್ಟು: ದಾದಿ ಎರಡೂ ಬೀದಿಗೆ ಸಮನಾಗಿ ಹೋಗಿದ್ದಾಳೆ; ಆದರೂ ಕೆಳಬೀದಿಯಲ್ಲಿ ಮಕ್ಕಳು ಉಳಿದವು, ಗುಡ್ಡದ ಬೀದಿಯಲ್ಲಿ ಸತ್ತವು; ಕೆಳಬೀದಿಗೆ ನಲ್ಲಿ ಬಂದಿತ್ತು, ಗುಡ್ಡಕ್ಕೆ ಬಂದಿರಲಿಲ್ಲ; ಆದ್ದರಿಂದ ಮಕ್ಕಳನ್ನು ಉಳಿಸಿದ್ದು ನಲ್ಲಿ, ದಾದಿಯಲ್ಲ. ನಲ್ಲಿ ಬೇಡವೆಂದು ಯಾರು ಹೇಳಿದರು? ಗುಡ್ಡಕ್ಕೆ ನಲ್ಲಿ ಹಾಕಿಸಲು ಕಚೇರಿ ಅಲೆದು ಚಪ್ಪಲಿ ಸವೆಸಿದವಳೇ ದೊಡ್ಡಮ್ಮ. ಆದರೆ ಬಡ ದೇಶಗಳ ಆರೋಗ್ಯ ಮಂತ್ರಿಗಳಿಗೆ ಆ ಅಧ್ಯಾಯ ಬಾಯಿಪಾಠವಾಯಿತು. ದಾದಿಯರನ್ನು ಕೈಬಿಡಲು ಅವರಿಗೆ ಒಂದು ನೆಪ ಬೇಕಿತ್ತು, ಸಿಕ್ಕಿತು. ನಲ್ಲಿಗಳೇನೂ ಬರಲಿಲ್ಲ. ಮುಚ್ಚಬೇಕಾದ ಕೇಂದ್ರಗಳ ಪಟ್ಟಿಯಲ್ಲಿ ನಮ್ಮದೂ ಸೇರಿತು.

ಮುಚ್ಚುವ ಮೊದಲು ಜನರ ಅಹವಾಲು ಕೇಳುವ ಸಭೆ ಕರೆದರು. ಇತಿಹಾಸಕಾರ ಸಲಹೆಗಾರನಾಗಿ ವೇದಿಕೆಯ ಮೇಲೆಯೇ ಕೂತಿದ್ದ. ಕೇಂದ್ರ ಉಳಿಯಬೇಕಾದರೆ ತನ್ನ ಮಾನ ತಾನೇ ಕಳೆದುಕೊಳ್ಳಬೇಕು ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತಳು.

“ಗುಡ್ಡದ ಬೀದಿಗೆ ನಾನು ಸರಿಯಾಗಿ ಹೋಗ್ಲೇ ಇಲ್ಲ ಸ್ವಾಮಿ. ಹೋದೆ ಅಂತ ಸುಳ್ಳು ಬರ್ದೆ. ಹೋದ ಬೀದೀಲಿ ಮಕ್ಕಳು ಉಳಿದ್ವು, ಹೋಗದ ಬೀದೀಲಿ ಸತ್ವು. ಇವ್ರಿಗೂ ಗೊತ್ತು, ನಾನೇ ಹೇಳಿದ್ದೆ.”

ಅಧ್ಯಕ್ಷರು ಇತಿಹಾಸಕಾರನ ಕಡೆ ತಿರುಗಿದರು. “ಹೇಳಿದ್ರಾ?”

ಅವನು ಕನ್ನಡಕ ತೆಗೆದು ಒರೆಸಿದ. “ನನಗೆ ನೆನಪಿಲ್ಲ. ರಿಜಿಸ್ಟರಲ್ಲಿ ಸಹಿ ಅಂತೂ ಅವರದ್ದೇ.”

ನೂರು ವರ್ಷದ ಹಿಂದಿನದನ್ನು ಕಣ್ಣಾರೆ ಕಂಡವನ ಹಾಗೆ ಬರೆಯುವ ಮಹಾನುಭಾವನಿಗೆ ನಮ್ಮ ಅಡುಗೆಮನೆ ನೆನಪಿಲ್ಲ! ನಾನೂ ಅಲ್ಲೇ ಇದ್ದೆ ಎಂದು ಕೂಗಿದೆ. ಮನೆಯವರ ಮಾತು ಸಾಕ್ಷಿಯಾಗದು ಎಂದು ನನ್ನನ್ನು ಕೂರಿಸಿದರು. ಬರೆದವಳೇ ಸುಳ್ಳೆನ್ನುವ ರಿಜಿಸ್ಟರನ್ನು ನಂಬಿ ಕೇಂದ್ರ ಉಳಿಸಲು ಸಾಧ್ಯವಿಲ್ಲ ಎಂದು ಅಧ್ಯಕ್ಷರು ಫೈಲು ಮುಚ್ಚಿದರು. ಮಾರನೆಯ ದಿನವೇ ತಕ್ಕಡಿಯನ್ನೂ ಪೆಟ್ಟಿಗೆಯನ್ನೂ ಗಾಡಿಗೆ ಹೇರಿದರು.

ಮೂರನೆಯ ದಿನ ಮಧ್ಯಾಹ್ನ ಗುಡ್ಡದ ಬೀದಿಯಿಂದ ಇಸ್ತ್ರಿ ಮಾಡುವ ಹೆಂಗಸು ಬಂದಳು. ಅವಳೂ ಸಭೆಯಲ್ಲಿದ್ದಳಂತೆ. ದೊಡ್ಡಮ್ಮ ಎದ್ದು ಕುರ್ಚಿ ಕೊಟ್ಟಳು. ಅವಳು ಕೂರಲಿಲ್ಲ.

“ನಮ್ಮ ದೊಡ್ಡೋಳು ವಾಂತಿಭೇದಿ ಆಗಿ ಹೋದ್ಲಲ್ಲ ಅಕ್ಕ, ಆ ವಾರ ಪೂರ್ತಿ ಬಾಗಿಲಲ್ಲಿ ನಿಂತು ನಿನ್ನ ದಾರಿ ನೋಡಿದ್ದೆ. ಆ ವಾರಾನೂ ಬಂದಿದ್ದೆ ಅಂತ ಬರ್ದಿದ್ಯಾ?”

ನಾನು ಅಡ್ಡಬಾಯಿ ಹಾಕಲು ಹೋದೆ. ದೊಡ್ಡಮ್ಮ ಕೈಯೆತ್ತಿ ತಡೆದಳು.

“ಬರ್ದಿದ್ದೀನಿ,” ಎಂದಳು. “ಎರಡು ಸಲ.”